ಆರು ತೂತಿನ ಫ್ಲೇಂಜ್

ಹನ್ನೊಂದು ಫ್ಲೇಂಜ್ ಅಂಗಳದಾಗ ಬಿದ್ದಾವ,
ಒಂದೊಂದಕ್ಕೂ ನಾಕ ನಾಕ ತೂತು.
ಕೊಲ್ಲಾಪುರದವರು ಕೇಳಿದ್ದು ಆರು.
ಜಿನದತ್ತ ಮಾಲಕರು ಒಂದನ್ನ ಎತ್ತಿ ತಂದು
ನನ್ನ ಟೇಬಲ್ ಮ್ಯಾಲೆ ಇಟ್ಟರು, ಸದ್ದಾಗದಂಗ.
ಬೈದಿದ್ದರ ಛಲೋ ಇತ್ತು.

ಉದ್ಯಮಬಾಗದ ಸಂಜಿ. ಮಗ್ಗಲ ಫೌಂಡ್ರಿಯ ಬಿಸಿ ಉಸಿರು
ಕಿಟಕಿ ಗಾಜಿಗೆ ಬಡೀತಿತ್ತು.
ಎರಡೂ ನಕಾಶೆ ತೆಗದೆ.
ಎಡಕ್ಕ ಅವರದು: ಆರು ತೂತು, ನಿಚ್ಚಳ.
ಬಲಕ್ಕ ನಮ್ಮ ಪಂಪಿನದು.
ನಕಲು ಮಾಡಿದೆ, ಅಂಟಿಸಿದೆ.
ನಾಕು.
ಮತ್ತೊಮ್ಮೆ. ನಾಕು.
ಹೊಸ್ತಿಲ ದಾಟೂದ್ರಾಗ ಎರಡು ಎಲ್ಲಿ ಮುಚ್ಚಿದುವೋ.

ಭರಮಾ, ಡಿಪ್ಲೊಮಾ ಮುಗಿಸಿ ಮೊನ್ನೆ ಬಂದ ಹುಡುಗ,
ಕುರ್ಚಿ ಎಳಕೊಂಡು ಕುಂತ.
"ಅಳತಿ ನೋಡ್ರಿ ಮೇಡಂ, ಅವರದು ಇಂಚಿರಬೇಕು."
ಇಂಚಾಗಿದ್ದರ ಅಂಗಿ ಗುಂಡಿಯಷ್ಟಾಗ್ತಿತ್ತು
ಇಲ್ಲಾ ಚಕ್ಕಡಿ ಗಾಲಿಯಷ್ಟು.
ತೂತು ಹೆಂಗ ಕಳೀತಾವ?
"ಹಂಗಾರ ಲೇಯರ್ ಆರಿರಬೇಕು."
ಎಲ್ಲಾ ಲೇಯರಿಗೂ ದೀಪ ಹಚ್ಚಿದೆ,
ಹಳದಿ ಬಲ್ಬು ಸಾಲಾಗಿ ಹತ್ತಿದವು, ತೂತು ಬರಲಿಲ್ಲ.
"ಬೇಸ್ ಪಾಯಿಂಟ್?"
ಅದು ತಪ್ಪಿದ್ದರ ನಕಾಶೆ ಬಿಟ್ಟು
ಖಾನಾಪುರದ ಕಡೆ ಎಲ್ಲ್ಯೋ ಬೀಳ್ತಿತ್ತು.
ಬೀಳಬೇಕಾದಲ್ಲೇ ಬಿದ್ದೈತಿ, ಬ್ಯಾರೆಯಾಗಿ.
"ಒಡದ ತರೂಣು ಹಂಗಾರ."
ಒಡದರ ಗೆರಿ ಬರ್ತಾವೋ ಹುಡುಗ, ಫ್ಲೇಂಜ್ ಬರೂದಿಲ್ಲ.
ಒಂದು ತಿದ್ದಿದರ ನಲವತ್ತೂ ತಿದ್ದಿಕೊಳ್ಳಲಿ ಅಂತ
ಹೆಸರಿಟ್ಟು ಕಟ್ಟಿದ ಗಂಟದು.

ಚಾ ಬಂತು, ಆರಿತು.

ಆಮ್ಯಾಲೆ ಪರದೆಯ ತಳದಾಗ
ಬೂದಿ ಬಣ್ಣದ ಸಣ್ಣ ಅಕ್ಷರ ಕಂಡವು,
ನಾವು ಎಂದೂ ಓದದ್ದು:
ಈ ಹೆಸರಿನದು ಇಲ್ಲಿ ಮೊದಲ ಐತಿ.
ಹೊಸದನ್ನ ಕೈಬಿಡಲಾಗಿದೆ.

ಅಷ್ಟ.
ನಮ್ಮಲ್ಲಿ ಹನ್ನೆರಡು ವರ್ಷದಿಂದ ಒಂದು ಫ್ಲೇಂಜ್-ಎ, ನಾಕು ತೂತಿನದು.
ಅವರದೂ ಫ್ಲೇಂಜ್-ಎ.
ಬಂದಾಕಿಯ ಹೆಸರು ಕೇಳಿ
ಮನಿ ತನ್ನ ಮುಖಾನ ಆಕಿಗೆ ಹಚ್ಚಿ
ಒಳಗ ಕರಕೊಂಡಿತ್ತು.

"ಹೆಸರು ಬದಲಿಸಿ ತರಬೇಕು" ಅಂದೆ.
ಅಂದಾಕಿ, ಮೌಸ್ ಹಿಡಿದ ಕೈ ಅಲ್ಲೇ ನಿಂತಿತು.

ಸಂಕೇಶ್ವರದಿಂದ ಶಹಾಪುರದ ಓಣಿಗೆ ನಾ ಬಂದಾಗ
ಆ ಮನಿಯಾಗ ಒಬ್ಬ ಸುನಂದಾ ಇದ್ದಳು,
ಹಿರೇ ನೆಗೆಣ್ಣಿ, ಕಪಾಟಿನ ಕೀಲಿ ಆಕಿ ಸೊಂಟದಾಗ.
ತಾಟಿನಾಗ ಅಕ್ಕಿ ಹರವಿ, ಉಂಗುರ ಹಿಡದು
ನನ್ನ ಗಂಡ ಬರದರು ಮೂರಕ್ಷರ:
ಮಾಲಿನಿ.
ಆ ಅಕ್ಕಿ ಮರುದಿನ ಅನ್ನ ಆತು, ನಾನೂ ಉಂಡೆ.
ಎಷ್ಟು ವರ್ಷ ಸಿಟ್ಟಿತ್ತು ಆ ಉಂಗುರದ ಮ್ಯಾಲೆ.
ಮಾಲಿನೀ ಅಂತ ಕರದರ
ಒಂದು ಉಸಿರು ತಡದು ಹೊಳ್ಳತಿದ್ದೆ.
ಸರ್ಟಿಫಿಕೇಟಿನಾಗ ಸುನಂದಾ, ರೇಶನ್ ಕಾರ್ಡಿನಾಗ ಮಾಲಿನಿ,
ನಡುವ ನೂರು ರೂಪಾಯಿ ಬಾಂಡಿನ ಒಂದು ಅಫಿಡವಿಟ್.

ಇವತ್ತು ಈ ಪರದೆ ಬ್ಯಾರೇನ ಹೇಳಾಕತ್ತೈತಿ:
ಅದೇ ಹೆಸರಿಲೆ ಬಂದಿದ್ದರ
ಆಕಿಯಂಥ ಸಾರು, ಆಕಿಯಂಥ ನಡಿಗಿ,
ನಲವತ್ತು ಕಡೆ ಆಕಿನ ಆಗಿರ್ತಿದ್ದಿ.
ಇರಬಹುದು.
ಹಂಗಂತ ಉಂಗುರಕ್ಕ ಶರಣು ಅನ್ನೂದಿಲ್ಲ ನಾ.
ಎರಡು ಸುನಂದಾ ಹಿಡಸೂವಷ್ಟು ಒಂದು ಮನಿ
ಯಾಕ ದೊಡ್ಡದಿರಲಿಲ್ಲ ಅಂತ
ಯಂತ್ರ ಕೇಳೂದಿಲ್ಲ. ನಾ ಕೇಳತೀನಿ.

"ಮೇಡಂ?" ಅಂದ ಭರಮಾ.
ಅವರ ನಕಾಶೆಗೆ ಹೋದೆ. ಫ್ಲೇಂಜ್-ಎ ಅಳಿಸಿ
ಫ್ಲೇಂಜ್-ಕೊಲ್ಲಾಪುರ ಅಂತ ಬರದೆ.
ನಕಲು. ಅಂಟು.
ಆರು.
ಆರೂ ದುಂಡಗ, ಕಣ್ಣು ಬಿಟಗೊಂಡು.

ಮಾಲಕರಿಗೆ ಹೇಳಾಕ ಹುಡುಗ ಓಡಿದ.
ನಾ ಎಡಗಡೆಯ ನಕಾಶೆ ಮುಚ್ಚಾಕ ಹೋದೆ.
ಬದಲಾದದ್ದನ್ನ ಉಳಿಸಲೇನು, ಅಂತ ಪರದೆ ಕೇಳಿತು.
ಬ್ಯಾಡ ಅಂದೆ.
ಅಲ್ಲಿ ಅದು ಫ್ಲೇಂಜ್-ಎ ಆಗೇ ಇರಲಿ.