ಮೆಲ್ವಿನಾಳ ಕಫ

ಕಡಲಿನವಳಿಗೆ ಉಪ್ಪುಹಬೆ ಕೊಟ್ಟು
ಕೆಮ್ಮಿಸಿ ತೆಗೆದದ್ದು. ಒಂದು ಹನಿ.
ಗಾಜಿಗೆ ಹರಡಿ, ಒಣಗಿಸಿ, ಬಣ್ಣ ಹಾಕಿ ಕೂತಿದ್ದೇನೆ.
ಸೇಂಟ್ ಜಾನ್ಸ್‌ನ ಬಂದರಿನಲ್ಲಿ ಏಪ್ರಿಲ್ ಬಂದರೂ ಹಿಮದ ಹೆಂಟೆ.
ಚೀಟಿಯಲ್ಲಿ: ಮೆಲ್ವಿನಾ ಬಜೆಲ್, ಐವತ್ತೆರಡು,
ಏಡಿ ಕಾರ್ಖಾನೆ, ಕುದಿಸುವ ಸಾಲು, ಹನ್ನೊಂದು ವರ್ಷ.

ತೊಟ್ಟಿಯ ಹಬೆಯಲ್ಲಿ
ಏಡಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಾರುತ್ತದೆ.
ಅವಳ ಎದೆ ಅದನ್ನು ಹಗೆಯೆಂದು ಓದಿತು.
ತಪ್ಪಾಗಿ ಓದಿತು, ಅಷ್ಟರಲ್ಲಿ ದಂಡು ಹೊರಟಾಗಿತ್ತು.

ಇಗೋ ದಂಡಿನವರು, ಇಯೋಸಿನೋಫಿಲ್‌ಗಳು:
ಎರಡು ಎಸಳಿನ ನಡುಬೀಜ, ಸುತ್ತ ಕೆಂಪು ಕಾಳು,
ಬೆಂದ ಏಡಿಯದೇ ಬಣ್ಣ.
ನಗಬಾರದು. ನಗು ಬರುತ್ತದೆ.

ಇವರದು ಕೆಲವೇ ದಿನದ ಬಾಳು.
ಹೊತ್ತಾಯಿತೆಂದರೆ ಒಬ್ಬೊಬ್ಬರೇ
ಒಗೆದ ಬಟ್ಟೆಯ ಹಾಗೆ ಒಳಮುಖವಾಗಿ ಮಡಚಿಕೊಂಡು
ಒಂದು ಕಾಳೂ ಚೆಲ್ಲದೆ ಹೋಗಬೇಕು.
ಗುಡಿಸುವ ಕೋಶವೊಂದು ಬಂದು, ನುಂಗಿ,
ಬಾಯಿ ಒರೆಸಿಕೊಂಡು ಮುಂದಕ್ಕೆ.
ಅಲ್ಲಿ ಸಾವೆಂದರೆ ಮನೆಗೆಲಸ.

ಆದರೆ ಊತದ ಒಳಗಿಂದ ಯಾರೋ ಹೇಳುತ್ತಲೇ ಇದ್ದಾರೆ:
ಇರಿ, ಇವತ್ತೊಂದು ದಿನ ಇದ್ದು ಹೋಗಿ,
ಒಂದು ತುತ್ತು ಉಂಡು ಹೋಗಿ.
ಇರುತ್ತಾರೆ.
ಕಾಯಲು ಏನೂ ಇಲ್ಲದ ಕಾವಲಿನವರು
ಗೋಡೆ ಕೆರೆಯುತ್ತಾರೆ, ಬಾಗಿಲು ಸುಡುತ್ತಾರೆ,
ಗಾಳಿಯ ಓಣಿ ಇಕ್ಕಟ್ಟಾಗುತ್ತದೆ.

‘ಎಷ್ಟಿವೆ?’ ಮೆಲ್ವಿನಾ ಬಾಗಿಲಲ್ಲಿ.
ನೂರಕ್ಕೆ ಇಪ್ಪತ್ತಾರು.
‘ಎಷ್ಟಿರಬೇಕು?’
ಎರಡು, ಹೆಚ್ಚೆಂದರೆ ಮೂರು.
ನಕ್ಕಳು; ನಗು ಅರ್ಧಕ್ಕೇ ಸಿಳ್ಳೆಯಾಯಿತು.
‘ನಮ್ಮ ಜನವೇ ಬಿಡು.
ಕಾಡ್ ಮೀನು ಹೋಯಿತು, ಶಾಲೆ ಹೋಯಿತು,
ದುಡ್ಡು ಕೊಡುತ್ತೇವೆ ಕೊಲ್ಲಿ ಬಿಡಿ ಅಂತ ಸರ್ಕಾರ ಬಂತು.
ವೋಟು ಹಾಕಿದೆವು. ಬಿಡಲಿಲ್ಲ.’

ಕೆಲಸ ಬಿಡು ಎಂದು ಡಾಕ್ಟರು ಬರೆದಿದ್ದಾರೆ.
ಸೀಸನ್ನಿನ ತಾಸು ತುಂಬದೆ ಚಳಿಗಾಲದ ಭತ್ಯೆ ಇಲ್ಲ
ಎಂದು ಅವರು ಬರೆದಿಲ್ಲ.

ಪಂಪು ಕೊಟ್ಟು ವಿವರಿಸಿದೆ: ದಿನಕ್ಕೆ ಎರಡು ಸಲ,
ಉಸಿರು ಸರಿಯಿದ್ದ ದಿನವೂ.
ಇದು ಆ ‘ಇರಿ ಇರಿ’ ಎನ್ನುವ ಬಾಯಿ ಮುಚ್ಚಿಸುತ್ತದೆ,
ಹೊರಡುವುದನ್ನು ಮರೆತವರಿಗೆ ನೆನಪು ಮಾಡುತ್ತದೆ.
‘ಪಾಪ,’ ಎಂದಳು.
ಯಾರಿಗೆಂದು ಕೇಳಲಿಲ್ಲ. ಫೆರ್ರಿಗೆ ಹೊತ್ತಾಗಿತ್ತು.

ಐದು ಗಂಟೆ. ಎಣಿಕೆ ಬರೆದಾಯಿತು.
ಹಳೆಯ ಗಾಜುಗಳನ್ನೆಲ್ಲ ಡಬ್ಬಿಗೆ ಹಾಕಬೇಕು, ನಿಯಮ.
ಅವಳದನ್ನು ಬೆಳಕಿಗೆ ಹಿಡಿದೆ:
ಸಂಜೆಗೆಂಪಿನ ಒಂದು ಕಲೆ, ಉಗುರಿನಷ್ಟು.
ಇವತ್ತೊಂದು ದಿನ ಇರಲಿ ಎಂದು
ಮೇಜಿನ ಮೇಲೇ ಬಿಟ್ಟೆ.