ಎರಡು ಎಣಿಸುವಷ್ಟರಲ್ಲಿ

ಬಂದು ನಾಲ್ಕು ದಿನ. ಇನ್ನೂ ಹೆಸರಿಟ್ಟಿರಲಿಲ್ಲ.
ಸೆತೂಬಲ್ ಬಂದರಿನ ಮೀನುಕಟ್ಟೆಯ ಹಿಂದೆ
ಹರಿದ ಬಲೆಗಳ ಗುಡ್ಡೆಯಲ್ಲಿ ಸಿಕ್ಕ ಮರಿ.
ಒಂಬತ್ತು ವಾರದ್ದಿರಬೇಕು ಅಂದಿದ್ದರು ಡಾಕ್ಟರು,
ಹಲ್ಲು ನೋಡಿ.
ಹೆಸರಿಟ್ಟರೆ ಉಳಿಸಿಕೊಳ್ಳಬೇಕಾಗುತ್ತದೆ.
ನಾನೋ ಬಸ್ಸು ಓಡಿಸುವವಳು,
ಬೆಳಿಗ್ಗೆ ಐದೂವರೆಗೆ ಮೊದಲ ಟ್ರಿಪ್ಪು.
ಮನೆಯಲ್ಲಿ ಒಂದು ಕಳ್ಳಿಗಿಡ ಉಂಟು,
ಅದೂ ಬಾಡಿದೆ.

ಸಂಜೆ ಕೆಳಮನೆಯ ದಿಯೊಲಿಂದಾ
ಬೀದಿಗೇ ಇದ್ದಿಲೊಲೆ ತಂದಿಟ್ಟು ಸಾರ್ಡೀನು ಸುಟ್ಟಳು.
ಅವಳ ತಟ್ಟೆ, ಗಂಡನ ತಟ್ಟೆ, ಅಳಿಯನ ತಟ್ಟೆ,
ಮೂರರ ತಲೆಗಳೂ ಬಾಲಗಳೂ
ನಾನು ಚಪ್ಪಲಿ ಹುಡುಕಿ ಇಳಿಯುವಷ್ಟರಲ್ಲಿ
ಗೇಣುದ್ದದ ಆ ಹೊಟ್ಟೆಯೊಳಗೆ.

ರಾತ್ರಿ ಒಂದೂವರೆಗೆ ಶುರು.
ಮೊದಲು ಕಂಬಳಿ. ಆಮೇಲೆ ಅಡುಗೆಮನೆ.
ಆಮೇಲೆ, ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದ
ನನ್ನ ಸಮವಸ್ತ್ರದ ಬಲತೋಳು.
ಹಿಂದಿನಿಂದ ನೀರು, ಮುಂದಿನಿಂದ ನೊರೆ,
ನಡುವೆ ತಪ್ಪೊಪ್ಪಿಕೊಂಡ ಎರಡು ಕಣ್ಣು.
ಯಾರು ಬೈದರು ನಿನ್ನ, ಮಾರಾಯ?
ಬೈಯಲು ನನಗೆ ಪುರುಸೊತ್ತೆಲ್ಲಿ,
ಪತ್ರಿಕೆ ಹಾಸುತ್ತಿದ್ದೇನೆ:
ಕ್ರೀಡಾಪುಟ ಮುಗಿಯಿತು, ಈಗ ಸಂಪಾದಕೀಯ.

ದಿಯೊಲಿಂದಾ ನೈಟಿಯಲ್ಲೇ ಮೆಟ್ಟಿಲು ಹತ್ತಿದಳು.
"ಹಾಲು ಕುಡಿಸು, ಎಲ್ವಿರಾ."
"ಹಾಲಲ್ಲ, ಆಲಿವೆಣ್ಣೆ," ಕೆಳಗಿನಿಂದ ಗಂಡ.
"ನನ್ನ ಮಾತ್ರೆಯಲ್ಲಿ ಅರ್ಧ ಕೊಡಿ,
ನನಗೆ ನಾಟಿತ್ತು," ಅಳಿಯ.
ಹೊಟ್ಟೆಯ ವಿದ್ಯೆ ಬೀದಿಗೆಲ್ಲ ಗೊತ್ತು,
ಗೊತ್ತಿಲ್ಲದ್ದು ಹೊಟ್ಟೆಗೊಂದೇ.

ಮೂರನೆಯ ಸಲಕ್ಕೆ ಫೋನೆತ್ತಿದರು ಡಾಕ್ಟರು.
ದನಿಗೆ ನಿದ್ದೆ, ಪ್ರಶ್ನೆಗಳಿಗೆ ಎಚ್ಚರ.
ಎಷ್ಟು ಸಲ? ಯಾವ ಬಣ್ಣ? ರಕ್ತವೇನಾದರೂ?
ಹೊಟ್ಟೆ ಮುಟ್ಟಿದರೆ ಕಿರುಚುತ್ತದೆಯೇ?
ಕರೆದರೆ ಕಿವಿ ನಿಮಿರುತ್ತದೆಯೇ?
ಹಾಲು ಬೇಡ, ಎಣ್ಣೆ ಬೇಡ, ಮಾತ್ರೆ ಖಂಡಿತ ಬೇಡ.
ತುಟಿ ಎತ್ತಿ. ಒಸಡನ್ನು ಬೆರಳಿಂದ ಒತ್ತಿ, ಬಿಡಿ.
ಕೆಂಪು ಮರಳಲು ಎಷ್ಟು ಹೊತ್ತು?
ಎಣಿಸಿ.

ಒಂದು

ಎರಡು ಬಾಯಿಂದ ಹೊರಡುವ ಮೊದಲೇ
ಬಿಳಿಚಿದ ಜಾಗಕ್ಕೆ ಗುಲಾಬಿ ಬಂದು ಕೂತಿತು,
ಬಿಯರಿನ ಜೊತೆ ಚಿಕ್ಕ ಬಟ್ಟಲಲ್ಲಿಡುವ
ತ್ರೆಮೋಸು ಕಾಳಿನಷ್ಟಗಲ. ಅಷ್ಟೂ ಇಲ್ಲ.

"ಒಳ್ಳೆಯದು," ಅಂದರು, ಆಕಳಿಸಿದರು.
"ಚಮಚ ಚಮಚ ನೀರು, ಕಾಲು ಗಂಟೆಗೊಮ್ಮೆ.
ದಕ್ಕಿದರೆ ಬೆಳಿಗ್ಗೆ ಮೆತ್ತನ್ನ, ಉಪ್ಪು ಹಾಕದೆ,
ಬೆಂದ ಕೋಳಿ ಚೂರೇ ಚೂರು.
ಮತ್ತೆ ವಾಂತಿಯಾದರೆ, ರಕ್ತ ಕಂಡರೆ, ಮಂಕಾದರೆ
ಫೋನು ಮಾಡುತ್ತ ಕೂರಬೇಡಿ, ಎತ್ತಿಕೊಂಡು ಓಡಿ ಬನ್ನಿ.
ಹೇಗಿದ್ದರೂ ಎಂಟಕ್ಕೆ ನನಗೆ ತೋರಿಸಿ,
ಮುಳ್ಳು ತಿಂದಿದೆಯಲ್ಲ.
ಅಂದಹಾಗೆ ಚೀಟಿಯಲ್ಲಿ ಹೆಸರಿನ ಜಾಗ ಖಾಲಿಯಿದೆ,
ಏನಂತ ಬರೆಯಲಿ?"

ಬಾಯಿಗೆ ಬಂದದ್ದು ಅಂದುಬಿಟ್ಟೆ:
ತ್ರೆಮೋಸು.

ಆಮೇಲೆ ಚಮಚ. ಗಡಿಯಾರ. ಚಮಚ.
ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೇ ಅನ್ನುತ್ತಾರೆ;
ದಕ್ಕಿದ್ದು ನೀರು, ಒಂಬತ್ತು ಚಮಚ,
ಲೆಕ್ಕ ಗೋಡೆಯ ಮೇಲೆ ಪೆನ್ಸಿಲಲ್ಲಿ ಇನ್ನೂ ಇದೆ.
ನಡುವೆ ಒಮ್ಮೆ ಬಚ್ಚಲ ಕನ್ನಡಿಯೆದುರು
ನನ್ನ ತುಟಿಯನ್ನೂ ಎತ್ತಿದೆ, ಒತ್ತಿದೆ, ಬಿಟ್ಟೆ.
ಒಂದು, ಎರಡು.
ಸರಿಯಾಗಿಯೇ ಇದ್ದೇನೆ.
ಯಾರಿಗೂ ಹೇಳುವಂಥ ಸುದ್ದಿಯಲ್ಲ.

ಐದೂವರೆಗೆ ಬಸ್ಸು ಹೊರಟಿತು, ತೋಳು ಒದ್ದೆ.
ಹಡಗುಕಟ್ಟೆಯ ಅರ್ನಾಲ್ದು ಹತ್ತಿದವನೇ ಮೂಗೆಳೆದ,
ನೋಡಿದ, ಹಿಂದಿನ ಸೀಟಿಗೆ ಹೋದ.
ಎಂಟಕ್ಕೆ ಡಾಕ್ಟರ ಬಾಗಿಲಿಗೆ ಒಯ್ದವಳು ದಿಯೊಲಿಂದಾ,
ಸೆರಗಿಲ್ಲದವಳು ಏಪ್ರನ್ನಿನಲ್ಲೇ ಕಟ್ಟಿಕೊಂಡು,
ದಾರಿಯುದ್ದಕ್ಕೂ ಸಾರ್ಡೀನಿಗೆ ಶಾಪ ಹಾಕುತ್ತ,
ತನ್ನನ್ನು ಬಿಟ್ಟು.

ಮೂರನೆಯ ದಿನ ಮುಂಜಾನೆ
ಅವಳದೇ ಹೊಸ್ತಿಲ ಚಾಪೆಯ ನಟ್ಟನಡುವೆ
ತ್ರೆಮೋಸು ಬೆನ್ನು ಬಾಗಿಸಿ ಕೂತ, ದೂರದಲ್ಲೇನೋ ನೋಡುತ್ತ.
ದಿಯೊಲಿಂದಾ ಪೊರಕೆ ಎತ್ತಿದಳು.
ಇಳಿಸಿದಳು.
ಕನ್ನಡಕ ಹಾಕಿಕೊಂಡು ಬಗ್ಗಿದಳು.
"ಗಟ್ಟಿ!" ಎಂದು ಇಡೀ ಬೀದಿಗೆ ಕೂಗಿ ಹೇಳಿದಳು,
"ಎದ್ದು ಬಾರೋ, ನೋಡು ಬಾ, ಗಟ್ಟಿ!"
ಹಲ್ಲುಜ್ಜುತ್ತಲೇ ಗಂಡ ಬಂದ, ಹಿಂದೆ ಅಳಿಯ,
ನಾನು ಮೆಟ್ಟಿಲ ಮೇಲೆ, ಒಂದೇ ಕಾಲಿಗೆ ಬೂಟು.