ಜನವಾಡ ದಾಟದ ಹಾಡು

ಹತ್ತೂವರಿ ಆಯ್ತು. ನಾ ಝರೆಪ್ಪ.
ಈಗೇ ಒಂದು ಮದಿವಿ ಮುಗಿಸಿ ಬಂದೀನಿ,
ಕಿವ್ಯಾಗ ಇನ್ನಾ ಅರಿಷಿಣ ಅದ.
ಹತ್ತಕ್ಕ ಪೊಲೀಸ್ರು ಬಾಕ್ಸ್ ಬಂದ್ ಮಾಡ್ಸಿದ್ರು.
ಅಲ್ಲಿ ಬಂದ್ ಆದದ್ದು ಇಲ್ಲಿ, ಚೌಬಾರದ ಹಿಂದ,
ಗ್ವಾಡಿಗಿ ತತ್ತಿ ಟ್ರೇ ಬಡದ ಈ ಖೋಲ್ಯಾಗ
ಸಣ್ಣ ದನಿಲೆ ಚಾಲೂ ಆಗ್ತದ.

ಮೊದಲನೇದು ಲೇಗಾಸ್ ಕಡಿಂದು.
ಹೋದ ತಿಂಗಳ ಇಳದದ್ದು, ಬಿಸಿ ಅದ, ಊದಿಕೊಂತ ಕೇಳ್ರಿ.
ಆಮ್ಯಾಲ ಅಕ್ರಾ. ಆಮ್ಯಾಲ ಡಕಾರ್.
ಒಂದ್ರಾಗಿಂದ ಒಂದಕ್ಕ ಹೋಗೋದು
ಗೊತ್ತೇ ಆಗಬಾರ್ದು ಅಂತಾರ ದೊಡ್ಡ ಡೀಜೆಗಳು.
ನಮ್ಮವ್ವ ಕೌದಿ ಹೊಲಿಯೋ ಮುಂದ
ತ್ಯಾಪಿ ಕಾಣ್ಲಿ ಬಿಡು ಅಂತಿದ್ಳು.
ನಾ ಅವ್ವನ ಕಡಿ. ದಾರ ಕಂಡ್ರ ಮಾಫ್ ಮಾಡ್ರಿ.

ಕಂಕುಳಾಗ ಹಿಡದು ಹಿಂಡಿದ್ರ ಮಾತಾಡೋ ಡೋಲು ಅದ ಇದ್ರಾಗ.
ಚೌಡಕಿನೂ ಹಂಗೇ ಅಲ್ಲೇನ್ರಿ,
ಕಂಕುಳೇ ಗಂಟಲು.

ಹಲೋ. ಮೈಲೂರದಿಂದ ಕಾಶೆಮ್ಮ.
ಅರ್ಥ ಏನೋ ತಮ್ಮಾ?
ಗೊತ್ತಿಲ್ಲಕ್ಕಾ.
ಗೊತ್ತಿಲ್ದೆ ಹಾಕ್ತೀಯಾ?
ಗೊತ್ತಿಲ್ದೆ ಕೇಳ್ಲತ್ತೀಯಲ್ಲಾ.
ನಕ್ಕಳು. ನಾಳಿನ ಮದಿವಿಗಿ ಮುನ್ನೂರು ರೊಟ್ಟಿ ಅವಂತ,
ಬಡಿಯೋ ಸಪ್ಪಳ ಫೋನಿನ್ಯಾಗೇ ಕೇಳ್ಲತ್ತದ,
ತಾಳಕ್ಕಿಂತ ಒಂದು ಹೆಜ್ಜಿ ಹಿಂದ,
ಬೇಕಂತ್ಲೇ ಹಿಂದ.

ಹೋದ ವಾರ ಮಾಸ್ತರರು ಒಬ್ರು ಕೇಳಿದ್ರು:
ನಮ್ಮ ಹಬ್ಶೀಕೋಟ್ ಗುಡ್ಡದಾಗ ಮಲಗಿದವರ ಹಾಡಲ್ಲೇನಪಾ ಇವು?
ಅಲ್ರಿ ಸರ. ಅವರು ಹೊತ್ತು ಮೂಡೋ ದಂಡಿಯವರು.
ಇವು ಹೊತ್ತು ಮುಳುಗೋ ದಂಡಿವು.
ನಡುವಿನ ನೆಲದಾಗ ನಮ್ಮ ಜಿಲ್ಲಾ
ಎಷ್ಟು ಸಲ ಹಾಸಿ ಮಡಚಬಹುದು,
ಲೆಕ್ಕ ನಿಮ್ಮದೇ ವಿಷಯ.
ಖರೆ ಅಂದ್ರ, ಆ ರಾತ್ರಿ ಮನಿಗಿ ಹೋಗೋ ಮುಂದ
ಗುಡ್ಡದ ಬುಡಕ್ಕ ಗಾಡಿ ನಿಲ್ಸಿ
ಒಂದು ಹಾಡು ಜೋರ್ ಮಾಡಿದೆ.
ಸುಳ್ಳ್ಯಾಕ ಹೇಳ್ಲಿ.

ಸಣ್ಣವಿದ್ದಾಗ ನೌಬಾದ ಸುರಂಗ ಬಾವ್ಯಾಗ
ಒಂದು ಕಿಂಡ್ಯಾಗ ನಾ ಒದರ್ತಿದ್ದೆ,
ಮುಂದಿನ ಕಿಂಡಿಗಿ ಕಿವಿ ಹಚ್ಚಿ ಅಣ್ಣ ಕುಂತಿರ್ತಿದ್ದ.
ನೀರಿನ ಮ್ಯಾಲ ಹಾದು ಹೋದ ದನಿ
ನಂದಂತ ಅವ ಇವತ್ತಿಗೂ ನಂಬಲ್ಲ.

ನಮ್ಮ ಟವರ್ ಗಿಡ್ಡದದ.
ಲೇಗಾಸ್‌ದಿಂದ ಕಡಲು ದಾಟಿ ಬಂದ ಹಾಡು
ಜನವಾಡ ದಾಟಲ್ಲ.
ಅಲ್ಲಿಂದ ಆಚಿ ಬರೇ ಖರ್ರ್.
ಔರಾದಿಗಿ ಹೋಗೋ ಕಡೀ ಬಸ್ಸಿನ ಡ್ರೈವರ್
ಹಾಡು ಮುಗಿಯೋ ತನ ಹಗೂರ ಹೊಡಿತಾನಂತ.
ಮಂದಿ ಬೈತಾರಂತ.

ಮತ್ತೊಂದು ಫೋನು. ಹೆಸರ್ರಿ?
ಯಾವ್.
ಅದೇ ಕೇಳ್ಲತ್ತೀನ್ರಿ, ಯಾವ ಹೆಸರು?
ಯಾವ್. ಘಾನಾದವ. ಇಂಜಿನಿಯರಿಂಗ್, ಮೂರನೇ ವರ್ಷ.
ಅರ್ಧ ಹಿಂದಿ, ಅರ್ಧ ನಮ್ಮ ಮಾತು.
ಗುರುವಾರ ಹುಟ್ಟಿದ ಗಂಡಿಗಿ ನಮ್ಮಲ್ಲಿ ಯಾವ್ ಅಂತಾರ.
ಹಂಗಾದ್ರ ನೀ ನಮ್ಮ ಗುರಪ್ಪ!
ಗುರಪ್ಪ, ಅಂದ, ಅಂಗಿ ಹಾಕಿ ನೋಡಿದಂಗ.

ಆಮ್ಯಾಲ ಅಂದ:
ಅಣ್ಣಾ, ವರ್ಷಾತು, ಕಡೀ ಹಾಡಿಗಿ
ಹಾಡಿದವರ ಹೆಸರಂತ ಒಂದು ಹೇಳ್ತೀಯಲ್ಲ,
ಅದು ಹೆಸರಲ್ಲ.
ಉಣ್ಲಿಕ್ಕಿ ಕುಂತಾಗ ಯಾರರ ಬಂದ್ರ ಅಂತೀವಿ ನಾವು:
ಬಾ, ಊಟ ಮಾಡು.

ರೇಡಿಯೋದಾಗ ಸುಮ್ಮ ಕೂಡಬಾರ್ದು.
ಕುಂತೆ.
ವರ್ಷಾನುಗಟ್ಲೆ, ದಿನಾ ರಾತ್ರಿ ಹನ್ನೊಂದೂವರಿಗಿ
ಮೈಲೂರ, ನೌಬಾದ, ಆ ಬಸ್ಸಿನ ಮಂದಿ,
ಎಲ್ಲಾರ್ನೂ ಊಟಕ್ಕ ಕರದು
ಬಾಗಲಾ ಹಾಕ್ಕೊಂಡು ಹೋಗೀನಿ.

ಕಾಶೆಮ್ಮಕ್ಕಾ, ಇನ್ನಾ ಎಚ್ಚರ ಇದ್ರ
ಮುನ್ನೂರ್ರಾಗ ನಾಕು ರೊಟ್ಟಿ ಎತ್ತಿಡು.
ನನ್ನ ಕೂಡ ಯಾವ್ ಅಂತ ಒಬ್ಬಾವ ಬರ್ತಾನ.
ಯಾವ ಅಂತ ಕೇಳಬ್ಯಾಡ.